ಬಂದ ನೀರಿನ ಲೆಕ್ಕ, ಹೋದ ನೀರಿನ ಲೆಕ್ಕ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ತಮ್ಮ ಸೇವೆಯ ಬಹುಪಾಲನ್ನು ಒಳಚರಂಡಿ ವಿಭಾಗದಲ್ಲಿ ಕಳೆದ ಎಂಜಿನಿಯರು ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿದೆ. ಕುಡಿಯುವ ನೀರು ತಂದವರ ಹೆಸರು ಶಂಕುಸ್ಥಾಪನೆಯ ಕಲ್ಲಿನ ಮೇಲಾದರೂ ಉಳಿಯುತ್ತದೆ. ಒಳಚರಂಡಿಯವರ ಹೆಸರು ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಇರುವುದಿಲ್ಲ. ಹಾಗಾಗಿ ವಿಷಯ ನಿಮ್ಮದೇ ಆಯ್ಕೆ ಎಂದು ಸಂಘಟಕರು ಹೇಳಿದಾಗ ನಾನು ನದಿಯನ್ನು ಚರಂಡಿಯ ಕಡೆಯಿಂದ ನೋಡೋಣ ಎಂದುಕೊಂಡೆ. ಅದಕ್ಕೆ ಗಡಿ ಊರುಗಳಿಗಿಂತ ಒಳ್ಳೆಯ ಜಾಗ ಇಲ್ಲ. ಒಂದೇ ಊರಿನೊಳಗೆ ಕೊಳಚೆಯನ್ನು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ತಳ್ಳಿ ಸುಮ್ಮನಿರಬಹುದು. ಅದೇ ಕೊಳಚೆ ಗಡಿ ದಾಟಿದಾಗ ಕಾಗದದ ಮೇಲೆ ಬರುತ್ತದೆ, ಅಳೆಯುವವರು ಹುಟ್ಟಿಕೊಳ್ಳುತ್ತಾರೆ, ಯಾರು ಏನು ಮಾಡಲಿಲ್ಲ ಎಂಬುದು ದಾಖಲೆಯಾಗುತ್ತದೆ.

ನಾನು ಮಾತಾಡಲಿರುವುದು ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ನದಿಗಳ ಬಗ್ಗೆ, ಹೆಚ್ಚಾಗಿ ಟಿಹುವಾನಾ ನದಿಯ ಬಗ್ಗೆ. ಆ ಗಡಿ ಎಂದೊಡನೆ ನಮಗೆ ನೆನಪಾಗುವುದು ಗೋಡೆ ಮತ್ತು ವಲಸೆ. ಸ್ಯಾನ್ ಡಿಯಾಗೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹುಡುಗರಿಗೆ ಮಾತ್ರ ಇನ್ನೊಂದು ಸಂಗತಿ ಗೊತ್ತು: ನಗರದ ದಕ್ಷಿಣ ತುದಿಯ ಬೀಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ.

ಟಿಹುವಾನಾ ಮೆಕ್ಸಿಕೊದ ವಾಯವ್ಯ ಮೂಲೆಯ ನಗರ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಉತ್ತರಕ್ಕೆ ಗೋಡೆ, ಗೋಡೆಯ ಆಚೆ ಸ್ಯಾನ್ ಡಿಯಾಗೊ. 1950ರಲ್ಲಿ ಅಲ್ಲಿದ್ದವರು 65 ಸಾವಿರದ ಆಸುಪಾಸು ಜನ. 2020ರ ಜನಗಣತಿಯ ಹೊತ್ತಿಗೆ 19 ಲಕ್ಷ ದಾಟಿದರು. ಇದು ತಾನಾಗಿ ಆದ ಬೆಳವಣಿಗೆ ಅಲ್ಲ. ಅಮೆರಿಕದ ಹೊಲಗಳಿಗೆ ಮೆಕ್ಸಿಕೊದಿಂದ ಕೂಲಿಯವರನ್ನು ಕರೆಸಿಕೊಳ್ಳುತ್ತಿದ್ದ ಬ್ರಾಸೆರೊ ಯೋಜನೆ 1964ರಲ್ಲಿ ನಿಂತಿತು. ಮರುವರ್ಷವೇ ಮೆಕ್ಸಿಕೊ ತನ್ನ ಗಡಿಯಲ್ಲಿ ರಫ್ತು ಕಾರ್ಖಾನೆಗಳಿಗೆ ಬಾಗಿಲು ತೆರೆಯಿತು. ಬಿಡಿಭಾಗ ಅಮೆರಿಕದಿಂದ ಬರುವುದು, ಜೋಡಣೆ ಇಲ್ಲಿ, ತಯಾರಾದ ಸರಕು ಮತ್ತೆ ಅಮೆರಿಕಕ್ಕೆ. ಮಕಿಲಾಡೋರಾ ಎನ್ನುವುದು ಇದಕ್ಕೇ. ಕೆಲಸ ಹುಡುಕಿಕೊಂಡು ಬಂದವರು ಸಮತಟ್ಟು ಜಾಗ ಮುಗಿದ ಮೇಲೆ ಕಡಿದಾದ ಕಣಿವೆಗಳ ಇಳಿಜಾರಿನಲ್ಲಿ, ಹಳೆ ಟೈರುಗಳನ್ನು ಪೇರಿಸಿ ಮಣ್ಣು ತಡೆದು, ಮನೆ ಕಟ್ಟಿಕೊಂಡರು. ಆ ಕಣಿವೆಗಳಲ್ಲಿ ಹಲವು ಉತ್ತರಕ್ಕೇ ಇಳಿಯುತ್ತವೆ, ಅಂದರೆ ಅಮೆರಿಕಕ್ಕೆ.

ಈಗ ನೀರಿನ ವಿಚಾರಕ್ಕೆ ಬರೋಣ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಸೆಂಟಿಮೀಟರ್. ನಮ್ಮ ಚಳ್ಳಕೆರೆಯಲ್ಲಿ ಇದಕ್ಕಿಂತ ಹೆಚ್ಚು ಬೀಳುತ್ತದೆ. ಹತ್ತೊಂಬತ್ತು ಲಕ್ಷ ಜನ ಕುಡಿಯುವುದು ಏನನ್ನು? ಕೊಲರಾಡೊ ನದಿಯನ್ನು. ನದಿ ಇರುವುದು ಪೂರ್ವದಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಲಾ ರುಮೊರೋಸಾ ಎಂಬ ಬೋಳು ಬೆಟ್ಟಗಳ ಸಾಲು. ಆ ಬೆಟ್ಟ ದಾಟಿಸಲು ನೀರನ್ನು ಸಾವಿರ ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡುತ್ತಾರೆ. ಟಿಹುವಾನಾದ ನಲ್ಲಿಗಳಿಗೆ ಬರುವ ನೀರಿನ ಬಹುಪಾಲು ಇದೇ. ಅದು ಮೆಕ್ಸಿಕೊಗೆ ಸಿಕ್ಕಿದ್ದು ಅಮೆರಿಕದೊಂದಿಗೆ 1944ರಲ್ಲಿ ಮಾಡಿಕೊಂಡ ಒಪ್ಪಂದದಿಂದ: ಕೊಲರಾಡೊ ನದಿಯಲ್ಲಿ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರು. ನಮ್ಮ ಲೆಕ್ಕದಲ್ಲಿ ಸುಮಾರು 65 ಟಿಎಂಸಿ.

ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಟಿಹುವಾನಾ ನದಿ ಮಳೆಗಾಲದ ಹಳ್ಳ. ಮಳೆ ಇಲ್ಲದ ತಿಂಗಳುಗಳಲ್ಲಿ ಅದರಲ್ಲಿ ಹರಿಯುವುದು ಆ ಕಣಿವೆಯಲ್ಲಿ ಹುಟ್ಟಿದ ನೀರಲ್ಲ. ಅದರ ಬಹುಪಾಲು ಬೆಟ್ಟ ಹತ್ತಿ ಬಂದು, ಅಡುಗೆಮನೆ, ಶೌಚಾಲಯ, ಕಾರ್ಖಾನೆಗಳ ಮೂಲಕ ಹಾದು ಹೊರಬಿದ್ದ ಕೊಲರಾಡೊ ನೀರು. ಅಮೆರಿಕ ಒಪ್ಪಂದದ ಪ್ರಕಾರ ಪೂರ್ವದ ಬಾಗಿಲಲ್ಲಿ ಅಳೆದು ಕೊಟ್ಟದ್ದು ಪಶ್ಚಿಮದ ಬಾಗಿಲಲ್ಲಿ ಅಳತೆ ಇಲ್ಲದೆ ವಾಪಸು ಬರುತ್ತಿದೆ. ಸ್ಯಾನ್ ಡಿಯಾಗೊ ನಗರ ಕೂಡ ಕೊಲರಾಡೊ ನೀರನ್ನೇ ನಂಬಿದೆ. ಅಂದರೆ ಗೋಡೆಯ ಎರಡೂ ಬದಿಯ ಮನೆಗಳು ಕುಡಿಯುವುದು ಒಂದೇ ನದಿಯನ್ನು. ಜಗಳ ಮಾತ್ರ ಬಳಸಿ ಬಿಟ್ಟ ನೀರಿನದು.

ನೀರು ತರುವ ಕೊಳವೆ ಹಾಕಿದ ದಿನವೇ ನದಿಯ ಗತಿ ಅರ್ಧ ನಿರ್ಧಾರವಾಗಿರುತ್ತದೆ. ನಲ್ಲಿಗೆ ಬಂದ ನೂರು ಲೀಟರಿನಲ್ಲಿ ಸುಮಾರು ಎಂಬತ್ತು ಲೀಟರ್ ಕೊಳಚೆಯಾಗಿ ಹೊರಬೀಳುತ್ತದೆ ಎಂದು ಯಾವ ಸಿವಿಲ್ ಡಿಪ್ಲೊಮಾ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೂ ಊರಿಂದೂರಿಗೆ ನೋಡಿ, ಬರುವ ನೀರಿಗೆ ಒಂದು ಇಲಾಖೆ, ಸಾಲ, ಉದ್ಘಾಟನೆ, ಬ್ಯಾನರು ಎಲ್ಲ ಇರುತ್ತವೆ. ಹೋಗುವ ನೀರಿಗೆ ಇಳಿಜಾರು ಮಾತ್ರ ಇರುತ್ತದೆ. ನನ್ನ ಇವತ್ತಿನ ವಾದ ಇಷ್ಟೇ: ಗಡಿ ನದಿಗಳು ಕೆಟ್ಟದ್ದು ಗಡಿಯಿಂದಲ್ಲ, ಬಂದ ನೀರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಹೋದ ನೀರನ್ನು ಬಿಟ್ಟದ್ದರಿಂದ.

ಟಿಹುವಾನಾದ ಕೊಳಚೆಗೆ ವ್ಯವಸ್ಥೆ ಮಾಡುವ ಪ್ರಯತ್ನ ಹಳೆಯದು. 1930ರ ದಶಕದಲ್ಲೇ ಎರಡೂ ದೇಶ ಸೇರಿ ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್ ಕಟ್ಟಿದ್ದವು. ಅದು ಸಾಲದಾದಾಗ, 1960ರ ದಶಕದಿಂದ, ತುರ್ತಿಗೆಂದು ಸ್ಯಾನ್ ಡಿಯಾಗೊದ ಒಳಚರಂಡಿ ಜಾಲಕ್ಕೇ ಒಂದು ಜೋಡಣೆ ಕೊಟ್ಟರು. ತುರ್ತು ಎಂಬ ಹೆಸರಿನ ವ್ಯವಸ್ಥೆ ದಶಕಗಟ್ಟಲೆ ನಡೆಯಿತು. ಗಡಿ ಮತ್ತು ನೀರಿನ ವಿಷಯಗಳನ್ನು ನೋಡಿಕೊಳ್ಳಲು ಎರಡು ದೇಶಗಳಿಗೂ ಸೇರಿದ ಅಂತರರಾಷ್ಟ್ರೀಯ ಗಡಿ ಮತ್ತು ಜಲ ಆಯೋಗ ಇದೆ. 1889ರಲ್ಲಿ ಗಡಿ ಆಯೋಗವಾಗಿ ಹುಟ್ಟಿದ್ದಕ್ಕೆ 1944ರ ಒಪ್ಪಂದ ನೀರಿನ ಹೊಣೆಯನ್ನೂ ಕೊಟ್ಟಿತು. ಆ ಒಪ್ಪಂದದ ಮೂರನೆಯ ವಿಧಿಯಲ್ಲಿ ಗಡಿಯ ನೈರ್ಮಲ್ಯ ಸಮಸ್ಯೆಗಳಿಗೆ ಎರಡೂ ಸರ್ಕಾರಗಳು ಆದ್ಯತೆ ಕೊಡಬೇಕು ಎಂಬ ಮಾತೂ ಇದೆ. ಎಷ್ಟು, ಹೇಗೆ, ಯಾರ ಖರ್ಚಿನಲ್ಲಿ ಎಂಬುದಿಲ್ಲ. ನೀರಿನ ಪ್ರಮಾಣಕ್ಕೆ ಅಂಕಿ ಬರೆದವರು ಕೊಳಚೆಗೆ ಸದಾಶಯ ಬರೆದರು. ಅಲ್ಲಿಂದೀಚೆಗೆ ಆ ಒಂದು ವಾಕ್ಯಕ್ಕೆ ‘ಮಿನಿಟ್’ ಎಂದು ಕರೆಯುವ ನಡಾವಳಿಗಳನ್ನು ಒಂದರ ಮೇಲೊಂದು ಪೋಣಿಸಿ ಕೆಲಸ ಸಾಗಿಸುತ್ತಿದ್ದಾರೆ.

ಅವುಗಳಲ್ಲಿ 283ನೆಯದು, 1990ರದ್ದು, ನಮಗೆ ಮುಖ್ಯ. ಮೆಕ್ಸಿಕೊದ ಕೊಳಚೆಯನ್ನು ಶುದ್ಧಮಾಡುವ ಘಟಕವನ್ನು ಅಮೆರಿಕದ ನೆಲದಲ್ಲಿ ಕಟ್ಟುವುದು ಎಂದು ಅದು ತೀರ್ಮಾನಿಸಿತು. ವಿಚಿತ್ರ ಅನ್ನಿಸಬಹುದು. ಆದರೆ ಎಂಜಿನಿಯರ ಕಣ್ಣಿಗೆ ಇದಕ್ಕಿಂತ ಸಹಜವಾದದ್ದಿಲ್ಲ. ತಗ್ಗು ಅಲ್ಲಿದೆ, ನೀರು ತಾನಾಗಿ ಅಲ್ಲಿಗೆ ಹೋಗುತ್ತದೆ. ಸೌತ್ ಬೇ ಘಟಕ ಎಂದು ಅದರ ಹೆಸರು. ಸಾಮರ್ಥ್ಯ ದಿನಕ್ಕೆ 2.5 ಕೋಟಿ ಗ್ಯಾಲನ್, ಸುಮಾರು 95 ದಶಲಕ್ಷ ಲೀಟರ್. 1997ರಲ್ಲಿ ಪ್ರಾಥಮಿಕ ಹಂತದ ಶುದ್ಧೀಕರಣ ಶುರುವಾಯಿತು. 1999ರಲ್ಲಿ ಶುದ್ಧಮಾಡಿದ ನೀರನ್ನು ಸಮುದ್ರದೊಳಗೆ ಐದೂವರೆ ಕಿಲೋಮೀಟರಿನಷ್ಟು ದೂರ ಒಯ್ದು ಬಿಡುವ ಕೊಳವೆ ಬಂತು. ಎರಡನೆಯ ಹಂತದ, ಅಂದರೆ ಬ್ಯಾಕ್ಟೀರಿಯಾ ಬಳಸಿ ಮಾಡುವ ಶುದ್ಧೀಕರಣ ಬಂದದ್ದು 2011ರಲ್ಲಿ. ನಡುವೆ ಹೋದದ್ದು ಕೋರ್ಟು, ಕಾಂಗ್ರೆಸ್ಸು, ಖಾಸಗಿ ಕಂಪನಿಗೆ ಕೊಡೋಣವೇ ಬೇಡವೇ ಎಂಬ ಚರ್ಚೆ. ಘಟಕದಲ್ಲಿ ಉಳಿಯುವ ಕೆಸರನ್ನು ಲಾರಿಗೆ ತುಂಬಿ ಮತ್ತೆ ಮೆಕ್ಸಿಕೊಗೇ ಕಳಿಸುತ್ತಾರೆ. ನೀರಿಗೆ ವೀಸಾ ಬೇಡ, ಕೆಸರಿಗೆ ಮಾತ್ರ ತಾಯ್ನಾಡು ಇದೆ.

ಘಟಕ ಬಂದಮೇಲೂ ನದಿ ಯಾಕೆ ಸರಿಹೋಗಲಿಲ್ಲ? ಇಲ್ಲಿ ಸಭೆಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನ ಕೊಡಬೇಕು. ಘಟಕ ಶುದ್ಧಮಾಡುವುದು ಕೊಳವೆಯಲ್ಲಿ ಅದರ ಬಾಗಿಲಿಗೆ ಬಂದ ಕೊಳಚೆಯನ್ನು ಮಾತ್ರ. ನದಿಯಲ್ಲಿ ಹರಿಯುವ ಕೊಳಚೆ ಬೇರೆ. ಒಡೆದ ಕೊಳವೆಗಳಿಂದ, ತುಂಬಿ ಉಕ್ಕುವ ಮ್ಯಾನ್‌ಹೋಲುಗಳಿಂದ, ಒಳಚರಂಡಿಯೇ ಇಲ್ಲದ ಕಣಿವೆಯ ಮನೆಗಳಿಂದ ಅದು ಸೇರುತ್ತದೆ. ಅದನ್ನು ತಡೆಯಲು ಗಡಿಗೆ ಸ್ವಲ್ಪ ಮೊದಲು, ಟಿಹುವಾನಾದ ಕಾಂಕ್ರೀಟ್ ಕಾಲುವೆಯಲ್ಲಿ, ಒಂದು ಪಂಪಿಂಗ್ ಸ್ಟೇಷನ್ ಇದೆ. ಒಣ ದಿನಗಳಲ್ಲಿ ಹರಿವನ್ನು ಅದು ಮೇಲೆತ್ತಿ ಬೇರೆ ಕಡೆಗೆ ತಿರುಗಿಸುತ್ತದೆ. ಮಳೆ ಬಂದರೆ ಅದನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಹೂಳು, ಕಸ, ಟೈರು ನುಗ್ಗಿ ಪಂಪು ಹಾಳಾಗುತ್ತದೆ. ವಿದ್ಯುತ್ ಕೈಕೊಟ್ಟರೂ ನಿಂತಿತು, ದುರಸ್ತಿಗೂ ನಿಂತಿತು. ನಿಂತಷ್ಟು ಹೊತ್ತು ನದಿ ಉತ್ತರಕ್ಕೆ ಹೋಗುತ್ತದೆ. 2017ರ ಫೆಬ್ರವರಿಯಲ್ಲಿ ಒಂದು ಮುಖ್ಯ ಕೊಳವೆಯ ದುರಸ್ತಿಯ ಸಮಯದಲ್ಲಿ ಹೀಗೆ ಹರಿದು ಹೋದ ಕೊಳಚೆ 14 ಕೋಟಿ ಗ್ಯಾಲನ್ ದಾಟಿತೆಂದು ಮೊದಲ ಅಂದಾಜು ಬಂತು. ಆಯೋಗದ ತನಿಖೆ ಆ ಅಂಕಿಯನ್ನು ಬಹಳ ಕೆಳಗಿಳಿಸಿತು. ಅಂಕಿ ಯಾವುದೇ ಇರಲಿ, ಆಚೆ ದಡದ ಊರಿನವರಿಗೆ ಸುದ್ದಿ ಮುಟ್ಟಿಸಿದ್ದು ವಾಸನೆ. ಅಧಿಕಾರಿಗಳ ಫೋನ್ ಆಮೇಲೆ ಬಂತು. ಕೋಟ್ಯಂತರ ಡಾಲರಿನ ಎರಡು ಘಟಕಗಳಿಗಿಂತ ಒಂದು ಎಚ್ಚರಿಕೆಯ ಫೋನ್ ಕರೆ ದೊಡ್ಡ ಸೌಕರ್ಯ ಎಂದು ನನಗೆ ಅನ್ನಿಸಿದ್ದು ಆ ವರದಿಗಳನ್ನು ಓದುವಾಗ.

ಇನ್ನೊಂದು ಬಾಯಿ ಸಮುದ್ರದ ಕಡೆ ಇದೆ. ಗಡಿಯಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಪುಂಟಾ ಬಂಡೇರಾ ಎಂಬಲ್ಲಿ, ಟಿಹುವಾನಾದ ಹಳೆಯ ಘಟಕ ಸ್ಯಾನ್ ಆಂಟೋನಿಯೊ ಡೆ ಲಾಸ್ ಬುಯೆನೋಸ್ ಇತ್ತು. ಇತ್ತು ಎನ್ನುವುದು ಹೆಸರಿಗೆ. ವರ್ಷಗಟ್ಟಲೆ ಅದರಿಂದ ಹೊರಬಿದ್ದದ್ದು ಹೆಚ್ಚುಕಡಿಮೆ ಹಸಿ ಕೊಳಚೆಯೇ. ಬೇಸಿಗೆಯಲ್ಲಿ ದಕ್ಷಿಣದಿಂದ ಬರುವ ಅಲೆಗಳು ಅದನ್ನು ಉತ್ತರಕ್ಕೆ ನೂಕುತ್ತವೆ. ಹೀಗೆ ಮಳೆಗಾಲದಲ್ಲಿ ನದಿಯಿಂದ, ಬೇಸಿಗೆಯಲ್ಲಿ ಸಮುದ್ರದಿಂದ, ವರ್ಷವಿಡೀ ಪೆಟ್ಟು ತಿಂದ ಊರು ಅಮೆರಿಕದ ಇಂಪೀರಿಯಲ್ ಬೀಚ್. ಅಲ್ಲಿನ ಕಡಲತೀರದ ಒಂದು ಭಾಗವನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿದವರಿಗೆ ಸಾವಿರ ದಿನ ಕಳೆದರೂ ತೆರೆಯಲಾಗಲಿಲ್ಲ. ಕೆಲಸಗಾರ ಕುಟುಂಬಗಳ, ಅರ್ಧದಷ್ಟು ಲ್ಯಾಟಿನೊ ಜನರೇ ಇರುವ ಊರು ಅದು. ಶ್ರೀಮಂತರ ಲಾ ಹೋಯಾ ಬೀಚಿನಲ್ಲಿ ಹೀಗಾಗಿದ್ದರೆ ಸಾವಿರ ದಿನ ಬೇಕಾಗುತ್ತಿತ್ತೇ ಎಂದು ಅಲ್ಲಿಯವರು ಕೇಳುವ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಮೆಕ್ಸಿಕೊ ಬಡ ದೇಶ, ನಿರ್ವಹಣೆ ಬಾರದು ಎಂದು ಮುಗಿಸಿಬಿಡುವ ಚಾಳಿ ಅಮೆರಿಕದ ಪತ್ರಿಕೆಗಳಿಗೂ ಇದೆ. ಹಾಗಾದರೆ ಅಮೆರಿಕದ ನೆಲದಲ್ಲಿ, ಅಮೆರಿಕವೇ ನಡೆಸುವ ಸೌತ್ ಬೇ ಘಟಕದ ಕಥೆ ಕೇಳಿ. 2020ರಲ್ಲಿ ಹೊಸ ವ್ಯಾಪಾರ ಒಪ್ಪಂದದ ಜೊತೆಗೆ ಅಮೆರಿಕದ ಕಾಂಗ್ರೆಸ್ಸು ಈ ನದಿಗಾಗಿ 30 ಕೋಟಿ ಡಾಲರ್ ತೆಗೆದಿಟ್ಟಿತು. ಘಟಕವನ್ನು ದುಪ್ಪಟ್ಟು ದೊಡ್ಡದು ಮಾಡಬೇಕೆಂದು ಯೋಜನೆ. 2022ರ 328ನೆಯ ಮಿನಿಟ್‌ನಲ್ಲಿ ಎರಡೂ ದೇಶ ಸೇರಿ 47.4 ಕೋಟಿ ಡಾಲರಿನ ಕಾಮಗಾರಿಗಳ ಪಟ್ಟಿ ಮಾಡಿದವು. ಅದರಲ್ಲಿ ಮೆಕ್ಸಿಕೊದ ಪಾಲು 14.4 ಕೋಟಿ. ಮರುವರ್ಷ, ವಿಸ್ತರಣೆಗೆ ಮುಂಚೆ ಇರುವ ಘಟಕವನ್ನು ದುರಸ್ತಿ ಮಾಡುವುದಕ್ಕೇ 15 ಕೋಟಿ ಡಾಲರ್ ಬೇಕು ಎಂಬ ಸಂಗತಿ ಹೊರಬಿತ್ತು. ಪಂಪು, ಗೇಟು, ತೊಟ್ಟಿ, ಯಾವುದನ್ನೂ ಕಾಲಕಾಲಕ್ಕೆ ಬದಲಿಸಿರಲಿಲ್ಲ. ಅದೇ 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಹೂಳು ನುಗ್ಗಿ ಪಂಪುಗಳೂ ಕೆಟ್ಟವು. ಜಗತ್ತಿನ ಅತಿ ದೊಡ್ಡ ನೌಕಾನೆಲೆಗಳಲ್ಲಿ ಒಂದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿರುವ ನಗರದ ಪಕ್ಕದಲ್ಲಿ ಒಂದು ಕೊಳಚೆ ಶುದ್ಧೀಕರಣ ಘಟಕದ ಗೇಟಿಗೆ ಗ್ರೀಸು ಹಾಕುವವರಿರಲಿಲ್ಲ. ಬಡತನ ಇದಕ್ಕೆ ಕಾರಣವೆಂದು ಹೇಳಲು ನನಗೆ ಧೈರ್ಯವಿಲ್ಲ. ಕಟ್ಟುವುದಕ್ಕೆ ಬಜೆಟ್ಟಿನಲ್ಲಿ ಒಂದು ತಲೆಬರಹ ಇರುತ್ತದೆ, ಕಾಪಾಡುವುದಕ್ಕೆ ಇರುವುದಿಲ್ಲ. ಇದು ವಾಷಿಂಗ್ಟನ್ನಿಗೂ ನಮ್ಮ ಪುರಸಭೆಗಳಿಗೂ ಸಮಾನವಾದ ರೋಗ.

ಈಚೆಗೆ ವಿಜ್ಞಾನಿಗಳು ಇದಕ್ಕೆ ಇನ್ನೊಂದು ಅಧ್ಯಾಯ ಸೇರಿಸಿದ್ದಾರೆ. ನದಿ ಕೆಟ್ಟರೆ ನೀರಿಗೆ ಇಳಿಯದಿದ್ದರಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಕಿಂಬರ್ಲಿ ಪ್ರೇಥರ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳಚೆಯ ಬ್ಯಾಕ್ಟೀರಿಯಾಗಳು ಅಲೆಯ ತುಂತುರಿನ ಜೊತೆ ಗಾಳಿಗೆ ಏರಿ ದಡದ ಮೇಲಿನವರ ಉಸಿರಿಗೂ ಸೇರುತ್ತವೆ ಎಂದು ತೋರಿಸಿದರು. 2025ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ನದಿಯ ಮೇಲಿನ ಗಾಳಿಯನ್ನೇ ಅಳೆಯಿತು. ಸ್ಯಾಟರ್ನ್ ಬುಲೆವಾರ್ಡ್ ಎಂಬ ರಸ್ತೆಯ ಕೆಳಗೆ ನದಿ ಮೋರಿಗಳ ಮೂಲಕ ಹಾದು ಧುಮುಕಿ ನೊರೆ ಏಳುತ್ತದೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಒಮ್ಮೊಮ್ಮೆ ನೂರು ಕೋಟಿಗೆ 4,500 ಭಾಗದವರೆಗೆ ಏರಿತ್ತು. ನಗರಗಳ ಗಾಳಿಯಲ್ಲಿ ಅದು ಸಾಮಾನ್ಯವಾಗಿ ಒಂದು ಭಾಗವೂ ಇರುವುದಿಲ್ಲ. ತಲೆನೋವು, ಓಕರಿಕೆ, ಮಕ್ಕಳಿಗೆ ಉಬ್ಬಸ ಎಂದು ಆ ಸುತ್ತಿನ ಜನ ವರ್ಷಗಳಿಂದ ಹೇಳುತ್ತಿದ್ದರು. ಅವರ ಮಾತನ್ನು ನಂಬಲು ಉಪಕರಣ ಬರಬೇಕಾಯಿತು. ನೀರು ಧುಮುಕುವ ಕಡೆ ನೊರೆ ಏಳುವುದೆಂದರೆ ಏನು ಎಂದು ಬೆಂಗಳೂರಿನ ವರ್ತೂರು ಕೋಡಿಯ ರಸ್ತೆಯಲ್ಲಿ ಓಡಾಡಿದವರಿಗೆ ನಾನು ವಿವರಿಸಬೇಕಾಗಿಲ್ಲ.

2025ರಲ್ಲಿ ಒಂದಷ್ಟು ಚುರುಕು ಕಂಡಿತು. ಮೆಕ್ಸಿಕೊ ತನ್ನ ಸೈನ್ಯದ ಎಂಜಿನಿಯರುಗಳಿಂದ ಪುಂಟಾ ಬಂಡೇರಾದಲ್ಲಿ ಸೆಕೆಂಡಿಗೆ 800 ಲೀಟರ್ ಸಾಮರ್ಥ್ಯದ ಹೊಸ ಘಟಕ ಕಟ್ಟಿಸಿತು. ಜುಲೈನಲ್ಲಿ ಎರಡೂ ದೇಶಗಳ ಪರಿಸರ ಮುಖ್ಯಸ್ಥರು ಕಾಲಮಿತಿಯ ಒಡಂಬಡಿಕೆಗೆ ಸಹಿ ಹಾಕಿದರು. ಆಗಸ್ಟಿನಲ್ಲಿ, ನೂರು ದಿನದ ಕೆಲಸದ ನಂತರ, ಸೌತ್ ಬೇ ಘಟಕದ ಸಾಮರ್ಥ್ಯ 3.5 ಕೋಟಿ ಗ್ಯಾಲನ್ನಿಗೆ ಏರಿತೆಂದು ಘೋಷಿಸಿದರು. ನೂರು ದಿನದಲ್ಲಿ ಆಗುವ ಕೆಲಸಕ್ಕೆ ಇಷ್ಟು ವರ್ಷ ಕಾದದ್ದೇಕೆ ಎಂದು ಕೇಳಬೇಕೆನಿಸುತ್ತದೆ. ಕೊನೆಯ ಗುರಿ 5 ಕೋಟಿ ಗ್ಯಾಲನ್. ಘಟಕ ಎಷ್ಟೇ ದೊಡ್ಡದಾದರೂ ಕಣಿವೆಯ ಮನೆಯಿಂದ ಅದರ ಬಾಗಿಲಿನವರೆಗೆ ಕೊಳವೆ ಇಲ್ಲದಿದ್ದರೆ ನದಿಗೆ ಪ್ರಯೋಜನವಿಲ್ಲ ಎಂಬ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಎಲ್ಲ ಕಡೆ ಹೀಗೇ ಎಂದು ಹೇಳಿ ನಿಮ್ಮ ಉತ್ಸಾಹ ಕುಗ್ಗಿಸುವುದಿಲ್ಲ. ಪೂರ್ವಕ್ಕೆ ಹೋದರೆ ಅರಿಜೋನಾ ಗಡಿಯಲ್ಲಿ ನೊಗಾಲೆಸ್ ಎಂಬ ಒಂದೇ ಹೆಸರಿನ ಎರಡು ಊರುಗಳಿವೆ. ಮೇಲಿನದು ಮೆಕ್ಸಿಕೊದ್ದು, ಕೆಳಗಿನದು ಅಮೆರಿಕದ್ದು. ಮೇಲಿನ ಮನೆಯ ಬಚ್ಚಲ ನೀರು ಕೆಳಗಿನ ಮನೆಯ ಅಂಗಳಕ್ಕೆ ಬಂದರೆ ನಮ್ಮ ಹಳ್ಳಿಗಳಲ್ಲಿ ಎರಡು ತಲೆಮಾರು ಮಾತು ಬಿಡುತ್ತಾರೆ. ಇಲ್ಲಿ ಇಬ್ಬರೂ ಸೇರಿ ಒಂದೇ ಮೋರಿ ಕಟ್ಟಿದರು. 1972ರಿಂದ ಎರಡೂ ಊರುಗಳ ಕೊಳಚೆ ಸುಮಾರು ಹದಿನಾಲ್ಕು ಕಿಲೋಮೀಟರ್ ಉದ್ದದ ಒಂದೇ ಕೊಳವೆಯಲ್ಲಿ ರಿಯೊ ರಿಕೊ ಎಂಬಲ್ಲಿನ ಘಟಕಕ್ಕೆ ಹೋಗುತ್ತದೆ. ಶುದ್ಧವಾದ ನೀರನ್ನು ಸಾಂತಾ ಕ್ರೂಜ್ ನದಿಗೆ ಬಿಡುತ್ತಾರೆ. ಅಂತರ್ಜಲ ಎತ್ತಿ ಎತ್ತಿ ಒಣಗಿದ್ದ ನದಿ ಅದು. ಈಗ ಆ ಭಾಗದಲ್ಲಿ ಹರಿಯುವುದೇ ಈ ನೀರು, ಬಹುಪಾಲು ಮೆಕ್ಸಿಕೊದಿಂದ ಬಂದದ್ದು.

ಮೊದಲಿಗೆ ಅದರಲ್ಲಿ ಅಮೋನಿಯ ಹೆಚ್ಚಿತ್ತು, ಮೀನು ಬದುಕುತ್ತಿರಲಿಲ್ಲ. 2009ರಲ್ಲಿ ಘಟಕವನ್ನು ಮೇಲ್ದರ್ಜೆಗೇರಿಸಿ ಸಾರಜನಕ ತೆಗೆಯುವ ವ್ಯವಸ್ಥೆ ಮಾಡಿದರು. 2015ರಲ್ಲಿ ಗಿಲಾ ಟಾಪ್‌ಮಿನ್ನೊ ಎಂಬ, ಅಳಿವಿನಂಚಿನ ಪಟ್ಟಿಯಲ್ಲಿದ್ದ ಬೆರಳು ಗಾತ್ರದ ಮೀನು ಅಲ್ಲಿ ಮತ್ತೆ ಕಾಣಿಸಿಕೊಂಡಿತು. ಯಾರೂ ತಂದು ಬಿಟ್ಟದ್ದಲ್ಲ. ಕೊಳಚೆ ನೀರಿನ ನದಿಯಲ್ಲಿ ಅಪರೂಪದ ಮೀನು! ಘಟಕ ಸರಿಯಾಗಿ ನಡೆದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಲ್ಲೂ ತಂಟೆ ಇಲ್ಲದಿಲ್ಲ. ಆ ಮುಖ್ಯ ಕೊಳವೆ ಹಳ್ಳದ ಕೆಳಗೇ ಹೋಗುತ್ತದೆ, 2017ರ ಜುಲೈ ಮಳೆಯಲ್ಲಿ ಒಡೆದು ಅರಿಜೋನಾದ ಗವರ್ನರು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. 2012ರಲ್ಲಿ ಮೆಕ್ಸಿಕೊ ತನ್ನ ಕಡೆ ಲಾಸ್ ಅಲಿಸೋಸ್ ಎಂಬಲ್ಲಿ ಬೇರೆ ಘಟಕ ಕಟ್ಟಿ ಕೊಳಚೆಯ ಒಂದು ಭಾಗವನ್ನು ದಿಣ್ಣೆಯ ಆಚೆಗೆ, ದಕ್ಷಿಣಕ್ಕೆ, ಎತ್ತಿಕೊಂಡಿತು. ನೀರಿಲ್ಲದ ಸೀಮೆಯಲ್ಲಿ ಅದು ಅವರ ಹಕ್ಕು. ಆಗ ಅರಿಜೋನಾದವರಿಗೆ ಭಯ ಹತ್ತಿತು, ಉಳಿದ ಕೊಳಚೆಯನ್ನೂ ಅವರೇ ಇಟ್ಟುಕೊಂಡರೆ ನಮ್ಮ ನದಿಯ ಗತಿ ಏನು ಎಂದು. ಗಡಿಯ ಒಂದು ತುದಿಯಲ್ಲಿ ಕೊಳಚೆ ಬಂತೆಂದು ಗೋಳು, ಇನ್ನೊಂದು ತುದಿಯಲ್ಲಿ ಬಾರದೆ ಹೋದೀತೆಂಬ ಗೋಳು. ನಡುವಿನ ವ್ಯತ್ಯಾಸ ಶುದ್ಧೀಕರಣದ ಒಂದು ಹಂತ ಮಾತ್ರ.

ಮೆಹಿಕಾಲಿ ಎಂಬ ಮೆಕ್ಸಿಕೊದ ಇನ್ನೊಂದು ಗಡಿ ನಗರದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಅಲ್ಲಿನ ‘ನ್ಯೂ ರಿವರ್’ ಉತ್ತರಕ್ಕೆ ಹರಿದು ಕ್ಯಾಲಿಫೋರ್ನಿಯಾದ ಸಾಲ್ಟನ್ ಸೀ ಎಂಬ ಉಪ್ಪಿನ ಸರೋವರ ಸೇರುತ್ತದೆ. ಅಮೆರಿಕದ ಅತಿ ಕೊಳಕು ನದಿ ಎಂಬ ಬಿರುದು ಹೊತ್ತದ್ದು. 2007ರಲ್ಲಿ ಲಾಸ್ ಅರೆನಿಟಾಸ್ ಘಟಕ ಕಟ್ಟಿ ನಗರದ ಕೊಳಚೆಯ ದೊಡ್ಡ ಪಾಲನ್ನು ದಕ್ಷಿಣಕ್ಕೆ ಪಂಪು ಮಾಡಿದರು. ನದಿಯಲ್ಲಿ ಆಮ್ಲಜನಕ ಏರಿತು. ಶುದ್ಧವಾದ ನೀರು ಜೌಗು ಭೂಮಿಯೊಂದರ ಮೂಲಕ ಹಾರ್ಡಿ ನದಿಗೆ ಹೋಗಿ, ಒಣಗಿದ್ದ ಕೊಲರಾಡೊ ಮುಖಜಭೂಮಿಯ ಕಡೆಗೆ ಹರಿಯಿತು. ಹಕ್ಕಿಗಳು ಬಂದವು. ನಗರದ ಹಳೆಯ ಕೊಳವೆಗಳು ಕುಸಿದಾಗಲೆಲ್ಲ ನದಿ ಮತ್ತೆ ಹಳೆಯ ಬಣ್ಣಕ್ಕೆ ತಿರುಗುತ್ತದೆ.

ಮೇಲಿನವನು ಸದಾ ಮೆಕ್ಸಿಕೊದವನೇ ಎಂದೂ ತಿಳಿಯಬೇಡಿ. ಕೊಲರಾಡೊ ನದಿಯಲ್ಲಿ ಮೇಲಿರುವುದು ಅಮೆರಿಕ. 1961ರಲ್ಲಿ ಅರಿಜೋನಾದ ವೆಲ್ಟನ್-ಮೊಹಾಕ್ ನೀರಾವರಿ ಪ್ರದೇಶದವರು ತಮ್ಮ ಹೊಲಗಳ ಉಪ್ಪುನೀರನ್ನು ಪಂಪು ಮಾಡಿ ನದಿಗೆ ಬಿಡತೊಡಗಿದರು. ಅಮೆರಿಕದ ರೈತರು ನೀರು ತೆಗೆದುಕೊಳ್ಳುವ ಕೊನೆಯ ತೂಬಿಗಿಂತ ಕೆಳಗೆ, ಮೆಕ್ಸಿಕೊದ ರೈತರಿಗಿಂತ ಮೇಲೆ. ಮೆಹಿಕಾಲಿ ಕಣಿವೆಯ ಬೆಳೆ ಸುಟ್ಟುಹೋಯಿತು. ಅಮೆರಿಕದ ವಾದ ಏನಿತ್ತು ಗೊತ್ತೇ? ಒಪ್ಪಂದದಲ್ಲಿ ಇಷ್ಟು ನೀರು ಎಂದಿದೆ, ಇಂಥ ನೀರು ಎಂದಿಲ್ಲ. ಉಪ್ಪಿನ ಮಿತಿ ಕಾಗದಕ್ಕೆ ಬಂದದ್ದು 1973ರ 242ನೆಯ ಮಿನಿಟ್‌ನಲ್ಲಿ, ಹನ್ನೆರಡು ವರ್ಷದ ಮೇಲೆ. ಮಾತು ಉಳಿಸಿಕೊಳ್ಳಲೆಂದು ಯೂಮಾದಲ್ಲಿ ಉಪ್ಪು ತೆಗೆಯುವ ಭಾರಿ ಘಟಕ ಕಟ್ಟಿ 1992ರಲ್ಲಿ ಮುಗಿಸಿದರು. ಅದು ಓಡಿದ್ದು ಅಪರೂಪ.

ಇಷ್ಟು ದೂರದ ಕಥೆ ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಕೇಳುತ್ತಿರಬಹುದು. ನಂದಿಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು ನೆನೆಯಿರಿ. ಬೆಂಗಳೂರು ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತದೆ. ನಗರ ದಿಣ್ಣೆಯ ಮೇಲಿದೆ. ಬಳಸಿದ ನೀರಿನಲ್ಲಿ ವೃಷಭಾವತಿ ಕಣಿವೆಗೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೇ ಮರಳುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಿಗೆ ಬಿದ್ದದ್ದು ಬೆಳ್ಳಂದೂರು, ವರ್ತೂರುಗಳ ದಾರಿಯಲ್ಲಿ, ರಾಜಕಾಲುವೆಗಳಲ್ಲಿ, ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ಹೊಸೂರಿನ ಕೆಲವರಪಳ್ಳಿ ಜಲಾಶಯದ ಗೇಟು ತೆರೆದಾಗ ಏಳುವ ನೊರೆಯ ಬೆಟ್ಟದ ವಿಡಿಯೊಗಳನ್ನು ನೀವು ನೋಡಿದ್ದೀರಿ. ಒಂದು ನದಿಯ ನೀರನ್ನು ಬೆಟ್ಟ ಹತ್ತಿಸಿ ಇನ್ನೊಂದು ನದಿಯಲ್ಲಿ ಗಡಿ ದಾಟಿಸುವ ಕೆಲಸವನ್ನು ಟಿಹುವಾನಾ ಒಂದೇ ಮಾಡುತ್ತಿಲ್ಲ.

ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನಗರದ ಪಾಲನ್ನು ಇಳಿಸಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಅದನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿಗೆಂದು ಕೊಟ್ಟಿತು. ನಾವು ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ನೀರು ಕೊಳ್ಳದ ಆಚೆ ಹೋಗಬಹುದೇ ಎಂದು ವರ್ಷಗಟ್ಟಲೆ ವಾದ ನಡೆಯಿತಲ್ಲ, ಆಚೆ ಹೋದ ನೀರು ಬಳಕೆಯಾಗಿ ಯಾವ ನದಿಗೆ ಬೀಳುತ್ತದೆ ಎಂಬ ಪ್ರಶ್ನೆ ಆ ವಾದದಲ್ಲಿ ಮುಂದಕ್ಕೆ ಬರಲಿಲ್ಲ. ಪಿನಾಕಿನಿಯ ವಿಷಯಕ್ಕೆ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗಲೂ ವಾದದ ನಡುಮಧ್ಯೆ ಇದ್ದದ್ದು ಕಟ್ಟೆ ಮತ್ತು ತಿರುವು ಕಾಮಗಾರಿಗಳು, ಅಂದರೆ ಪ್ರಮಾಣ. 1956ರ ಅಂತರರಾಜ್ಯ ಜಲವಿವಾದ ಕಾಯಿದೆ ನೀರಿನ ಬಳಕೆ, ಹಂಚಿಕೆ, ನಿಯಂತ್ರಣ ಎಂದು ವಿವಾದಕ್ಕೆ ಅರ್ಥ ಹೇಳುತ್ತದೆ. ಗುಣಮಟ್ಟ ಎಂಬ ಪದವನ್ನು ಅದು ಹೆಸರಿಸುವುದಿಲ್ಲ. ಅಮೆರಿಕ ಮೆಕ್ಸಿಕೊದವರ 1944ರ ಒಪ್ಪಂದದಲ್ಲಿ ಸದಾಶಯದ ಒಂದು ವಾಕ್ಯವಾದರೂ ಇತ್ತು.

ಪಿನಾಕಿನಿಯಲ್ಲಿ ನಾವು ಮೇಲಿನ ಮನೆ, ಕೃಷ್ಣೆಯಲ್ಲಿ ಕೆಳಗಿನ ಮನೆ. ಕೊಲ್ಲಾಪುರ, ಇಚಲಕರಂಜಿಗಳ ಕೊಳಚೆ ಮತ್ತು ಬಟ್ಟೆ ಗಿರಣಿಗಳ ನೀರು ಪಂಚಗಂಗೆಯಲ್ಲಿ ಬಂದು ನರಸೋಬಾವಾಡಿಯಲ್ಲಿ ಕೃಷ್ಣೆ ಸೇರಿ ಬೆಳಗಾವಿ ಜಿಲ್ಲೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಚಿಕ್ಕೋಡಿ ಸೀಮೆಯವರು ಪಡುವ ಪಾಡನ್ನೂ ಹೊಸೂರಿನ ರೈತರು ಪಡುವ ಪಾಡನ್ನೂ ಒಂದೇ ಬಾಯಲ್ಲಿ ಹೇಳುವ ಕರ್ನಾಟಕದ ರಾಜಕಾರಣಿಯನ್ನು ನಾನಿನ್ನೂ ಕಂಡಿಲ್ಲ. ಹೊಸೂರಿನ ಕಾರ್ಖಾನೆಗಳ ಪಾಲೂ ಆ ನೊರೆಯಲ್ಲಿ ಇಲ್ಲವೆನ್ನಲಾರೆ. ಆದರೆ ನಮ್ಮ ಪಾಲನ್ನು ಅಳೆದು ಒಪ್ಪಿಕೊಂಡ ಮೇಲಷ್ಟೇ ಅವರ ಪಾಲನ್ನು ಕೇಳಲು ಬಾಯಿ ಬರುತ್ತದೆ.

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡನೆಯ ಹಂತದವರೆಗೆ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದೇವೆ. ಮೂರನೆಯ ಹಂತ ಬೇಕೆಂದು ಅಲ್ಲಿನ ರೈತ ಸಂಘಟನೆಗಳು ಕೇಳುತ್ತಲೇ ಇವೆ. ನೊಗಾಲೆಸ್ಸಿನ ಮೀನಿನ ಸಂಗತಿ ಬಲ್ಲ ನಾನು ಆ ಬೇಡಿಕೆಯನ್ನು ಅತಿಯಾದದ್ದು ಎನ್ನಲಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿ ಮುಗಿಸುತ್ತೇನೆ. ಕಾವೇರಿ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್. ನಿಮ್ಮದೇ ಎಂಬತ್ತರ ಲೆಕ್ಕದಲ್ಲಿ ಅದರಿಂದ ಸುಮಾರು 620 ದಶಲಕ್ಷ ಲೀಟರ್ ಕೊಳಚೆ. ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಒಂದು ಬೀದಿಯನ್ನು ಆರಿಸಿಕೊಳ್ಳಿ. ನಲ್ಲಿ ಸಂಪರ್ಕ ಎಷ್ಟು ಮನೆಗಿದೆ, ಒಳಚರಂಡಿ ಸಂಪರ್ಕ ಎಷ್ಟು ಮನೆಗಿದೆ, ಬೀದಿಯ ಕೊಳವೆ ಯಾವ ವೆಟ್‌ವೆಲ್ಲಿಗೆ, ಅಂದರೆ ಕೊಳಚೆ ಸೇರಿಸಿ ಪಂಪು ಮಾಡುವ ಬಾವಿಗೆ, ಹೋಗುತ್ತದೆ, ವಿದ್ಯುತ್ ಹೋದಾಗ ಅಲ್ಲಿನ ಪಂಪಿಗೆ ಡೀಸೆಲ್ ಜನರೇಟರ್ ಇದೆಯೇ, ಇಲ್ಲದಿದ್ದರೆ ಉಕ್ಕಿದ ನೀರು ಯಾವ ರಾಜಕಾಲುವೆಗೆ ಬೀಳುತ್ತದೆ, ಆ ಕಾಲುವೆ ಯಾವ ಕಣಿವೆಯದು ಎಂದು ನಡೆದು ನೋಡಿ ಬರೆದುಕೊಳ್ಳಿ. ಜಲಮಂಡಳಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿದರೆ ಉಳಿದದ್ದು ಸಿಗುತ್ತದೆ. ಆ ಬೀದಿಯ ನಕ್ಷೆ ಸಿದ್ಧವಾದ ದಿನ ಈ ಸಂಸ್ಥೆಯವರಿಗೆ ತಂದು ಕೊಡಿ. ಮುಂದಿನ ವರ್ಷದ ದತ್ತಿ ಉಪನ್ಯಾಸವನ್ನು ನಿಮ್ಮಿಂದಲೇ ಮಾಡಿಸಬೇಕೆಂದು ನಾನು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ.